ಲಿಫ್ಟಣ್ಣನ ಕೆಳಮನೆ

ಲಿಫ್ಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ತಿಂಗಳಿಗೊಮ್ಮೆ ಸಂಬಳದ ಚೀಟಿಯ ಮೇಲೆ ಮುಖ ತೋರಿಸಿ ಮತ್ತೆ ಒಳಗೆ ಹೋಗುತ್ತಿತ್ತು. ಎಂಟು ಮಹಡಿಯ ಕಚೇರಿ ಕಟ್ಟಡದಲ್ಲಿ ಇಪ್ಪತ್ತಾರು ವರ್ಷ ಲಿಫ್ಟ್ ನಡೆಸಿದವನನ್ನು ಜನ ಬೇರೆ ಏನೆಂದು ಕರೆದಾರು?

ಅದು ಹಳೆಯ ಕಾಲದ ಲಿಫ್ಟ್. ಗುಂಡಿ ಒತ್ತಿದರೆ ತಾನಾಗಿ ಹೋಗಿ ನಿಲ್ಲುವಂಥದಲ್ಲ. ಹಿತ್ತಾಳೆಯ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದರೆ ಏರುತ್ತಿತ್ತು, ಬಲಕ್ಕೆ ತಿರುಗಿಸಿದರೆ ಇಳಿಯುತ್ತಿತ್ತು, ನಡುವೆ ತಂದರೆ ನಿಲ್ಲುತ್ತಿತ್ತು. ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ನಡೆಸುವವನ ಕೈಯಳತೆಗೆ ಬಿಟ್ಟದ್ದು. ಬೇರೆಯವರು ಹಿಡಿಕೆ ಹಿಡಿದರೆ ಲಿಫ್ಟು ಒಮ್ಮೆ ಗೇಣು ಮೇಲೆ, ಒಮ್ಮೆ ಗೇಣು ಕೆಳಗೆ ನಿಂತು, ಹತ್ತುವವರು ಎಡವಿ ಇಳಿಯುವವರು ಮುಗ್ಗರಿಸುತ್ತಿದ್ದರು. ಲಿಫ್ಟಣ್ಣನ ಕೈಯಲ್ಲಿ ಮಾತ್ರ ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದು ನಾಣ್ಯದ ದಪ್ಪದಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿಕೊಳ್ಳುತ್ತಿದ್ದವು. ಆಮೇಲಷ್ಟೇ ಅವನು ಜಾಲರಿ ಬಾಗಿಲು ಸರಿಸುತ್ತಿದ್ದ. ಯಾರಾದರೂ ಅವಸರ ಮಾಡಿದರೆ, "ಸಮ ಆಗ್ಲಿ ಸಾರ್" ಎನ್ನುತ್ತಿದ್ದ. ಕರೆಂಟು ಹೋಗಿ ಲಿಫ್ಟು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡರೆ, "ಬಾಗಿಲು ತೆಗೀಬೇಡಿ, ಅಲ್ಲಾಡ್ಬೇಡಿ, ತಾನಾಗೇ ಹೊರಡುತ್ತೆ" ಎನ್ನುತ್ತಿದ್ದ. ಅವನ ಬದುಕಿನ ಶಾಸ್ತ್ರವೆಲ್ಲ ಈ ಎರಡು ಮಾತುಗಳಲ್ಲಿ ಮುಗಿಯುತ್ತಿತ್ತು. ಎರಡೂ ಲಿಫ್ಟಿಗೆ ಬಹಳ ಒಳ್ಳೆಯ ಮಾತುಗಳು.

ಇಂಥವನ ಮನೆ ಇದ್ದದ್ದು ಲಿಫ್ಟಿಲ್ಲದ ಕಟ್ಟಡವೊಂದರ ನಾಲ್ಕನೆಯ ಮಹಡಿಯಲ್ಲಿ. ಅರವತ್ತೆಂಟು ಮೆಟ್ಟಿಲು. ಅವನ ಹೆಂಡತಿಗೆ ಎರಡೂ ಮಂಡಿ ಸವೆದಿದ್ದವು. ಬೀದಿಯ ಕೊನೆಯ ಟೈಲರ್ ಅಂಗಡಿಯ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ಟೈಲರು ಬೀದಿಯಲ್ಲಿ ನಿಂತು ಕೂಗುತ್ತಿದ್ದ. ಅವಳು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಬಿಡುತ್ತಿದ್ದಳು. ಅಂಗಿಗಳು ಮೇಲೆ ಬರುತ್ತಿದ್ದವು, ಗುಂಡಿ ಹಚ್ಚಿಸಿಕೊಂಡು ಕೆಳಗೆ ಹೋಗುತ್ತಿದ್ದವು. ಅವಳು ಮಾತ್ರ ಹೋಗುತ್ತಿರಲಿಲ್ಲ.

"ಊರಿಗೆಲ್ಲಾ ಲಿಫ್ಟು, ಹೆಂಡ್ತಿಗೆ ಮೆಟ್ಲು" ಎಂದು ಸಂಜೆ ಬಂದ ಗಂಡನಿಗೆ ನೀರು ಕೊಡುತ್ತ ಅನ್ನುತ್ತಿದ್ದಳು. "ಎಷ್ಟೋ ವರ್ಷದಿಂದ ಜನರ ನೆತ್ತಿ ನೋಡ್ತಾ ಕೂತಿದೀನಿ ರೀ. ಯಾರ ತಲೆ ಎಷ್ಟು ಬೋಳಾಯ್ತು ಅಂತ ಕೇಳಿ, ಹೇಳ್ತೀನಿ. ಮುಖ ಮಾತ್ರ ಮರೆತೇಹೋಗಿದೆ."

ಅದೇ ಕಟ್ಟಡದ ನೆಲಮಟ್ಟದಲ್ಲಿ ಒಂದು ಮನೆಯಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲು ತೆರೆದರೆ ಬೀದಿ, ಬಾಗಿಲ ಪಕ್ಕದಲ್ಲಿ ಒಂದು ಕಲ್ಲುಬೆಂಚು. ಗಂಡಹೆಂಡಿರ ಮಾತಿನಲ್ಲಿ ಅದು 'ಕೆಳಮನೆ'. ಅದರಲ್ಲಿದ್ದ ಬಾಡಿಗೆಯವರು ಎಂದಾದರೂ ಬಿಟ್ಟರೆ ಎರಡು ಲಕ್ಷ ಮುಂಗಡ ಕೊಟ್ಟವರಿಗೆ ಕೊಡುವೆನೆಂದು ಮೊದಲ ಮಹಡಿಯಲ್ಲಿದ್ದ ಓನರಮ್ಮ ಹೇಳಿದ್ದರು. ಲಿಫ್ಟಣ್ಣನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅಷ್ಟೇ. ಎಲ್ಲರನ್ನೂ ಮೇಲಕ್ಕೆ ಮುಟ್ಟಿಸಿದ ಮನುಷ್ಯ ಹೆಂಡತಿಯನ್ನು ಕೆಳಗೆ ಮುಟ್ಟಿಸಬೇಕಿತ್ತು.

ಎರಡು ಲಕ್ಷದ ದಾರಿ ಸಿಕ್ಕಿದ್ದು ಲಿಫ್ಟಿನಲ್ಲೇ. ಆರನೆಯ ಮಹಡಿಯಲ್ಲಿ ಮ್ಯೂಚುವಲ್ ಫಂಡ್ ಕಂಪನಿಯ ಕಚೇರಿಯಿತ್ತು. ಅಲ್ಲಿಯ ಸಾಹೇಬರು ಮಾತುಗಾರರು. ನೆಲದಿಂದ ಆರನೆಯ ಮಹಡಿಗೆ ಇಪ್ಪತ್ತೆರಡು ಸೆಕೆಂಡು. ಲಿಫ್ಟಣ್ಣನ ಅರ್ಥಶಾಸ್ತ್ರದ ಪಾಠವೆಲ್ಲ ಇಪ್ಪತ್ತೆರಡು ಸೆಕೆಂಡಿನ ತುಂಡುಗಳಲ್ಲಿ ನಡೆಯಿತು. ಸೋಮವಾರ ಸಾಹೇಬರು, "ನೋಡು ಲಿಫ್ಟಣ್ಣ, ನಿನ್ನಂಥ ಸಾವಿರಾರು ಜನರ ದುಡ್ಡು ಒಟ್ಟು ಮಾಡ್ತೀವಿ" ಎಂದರು. ಮಂಗಳವಾರ, "ಅದನ್ನ ಐವತ್ತು ಕಂಪನಿಗಳಿಗೆ ಹಂಚಿ ಹಾಕ್ತೀವಿ, ಅವು ಬೆಳೆದ್ರೆ ನೀನೂ ಬೆಳೆದ ಹಾಗೆ" ಎಂದರು. ಬುಧವಾರ ಅವರು ರಜೆ. ಲಿಫ್ಟಣ್ಣ ಇಡೀ ದಿನ ಬೆಳೆಯದೆ ಕಳೆದ. ಗುರುವಾರ, "ನಮ್ಮಂಥ ಬೆಳೀತಾ ಇರೋ ದೇಶದಲ್ಲಿ ಬೆಳೀದೇ ಇರೋಕೆ ಏನಪ್ಪಾ ಆಗುತ್ತೆ" ಎಂದರು. ಆಗ ಲಿಫ್ಟಣ್ಣ ನಾಲ್ಕು ಮತ್ತು ಐದರ ನಡುವೆ ಲಿಫ್ಟನ್ನು ಸ್ವಲ್ಪ ನಿಧಾನ ಮಾಡಿ, "ಬೆಳೀದಿದ್ರೆ ಸಾರ್?" ಎಂದು ಕೇಳಿದ. "ಅದಕ್ಕೇ ಕಾಯ್ಬೇಕು" ಎಂದರು ಸಾಹೇಬರು. ಅಷ್ಟರಲ್ಲಿ ಆರು ಬಂತು.

ಹೀಗೆ ತಿಂಗಳಿಗೆ ಎರಡೂವರೆ ಸಾವಿರ, ಆರು ವರ್ಷ. ಕಟ್ಟಿದ್ದು ಒಂದು ಲಕ್ಷದ ಎಂಬತ್ತು ಸಾವಿರ. ಆರನೆಯ ವರ್ಷದ ಕೊನೆಗೆ ಫೋನಿನಲ್ಲಿ ಕಾಣುತ್ತಿದ್ದ ಅಂಕಿ ಎರಡು ಲಕ್ಷದ ಇಪ್ಪತ್ತು ಸಾವಿರ. ಕೆಳಮನೆಯವರು ಇನ್ನೂ ಬಿಟ್ಟಿರಲಿಲ್ಲ. "ಹಾಗಿದ್ರೆ ಇರ್ಲಿ ಬಿಡು" ಎಂದರು ಸಾಹೇಬರು. "ಎರಡೂವರೆ ಆಗ್ಲಿ. ಮುಂಗಡ ಕೊಟ್ಟು, ಸುಣ್ಣಬಣ್ಣ ಮಾಡಿಸಿ, ಮೇಲೆ ಸ್ವಲ್ಪ ಕೈಯಲ್ಲಿ ಉಳಿಯುತ್ತೆ. ಎರಡೂವರೆ ಅಂತ ಒಂದು ಗುರಿ ಇಟ್ಕೊ."

ಲಿಫ್ಟಣ್ಣ ಇಟ್ಟುಕೊಂಡ. ಎರಡೂವರೆ ಲಕ್ಷ ಅವನ ಮನಸ್ಸಿನಲ್ಲಿ ಒಂದು ಮಹಡಿಯಾಯಿತು.

ಆಗ ರೋಗ ಬಂತು.

ಮೊದಲು ಅದು ಟೀವಿಯಲ್ಲಿ ಬಂತು, ಆಮೇಲೆ ಕಟ್ಟಡಕ್ಕೆ ಬಂತು. ಮ್ಯಾನೇಜರು ಲಿಫ್ಟಿನ ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿ ನಾಲ್ಕು ಚೌಕ ಮಾಡಿಸಿದ. ನಾಲ್ಕು ಜನ, ನಾಲ್ಕು ಮೂಲೆ, ಮುಖ ಗೋಡೆಗೆ. ಇಪ್ಪತ್ತಾರು ವರ್ಷ ಮಾತಿನ ಸಂತೆಯಾಗಿದ್ದ ಪೆಟ್ಟಿಗೆಯಲ್ಲಿ ಎಲ್ಲರೂ ಶಿಕ್ಷೆಗೆ ಒಳಗಾದ ಶಾಲೆ ಮಕ್ಕಳಂತೆ ನಿಂತರು. ಐದನೆಯವನಾದ ಲಿಫ್ಟಣ್ಣನಿಗೆ ಚೌಕವಿರಲಿಲ್ಲ. ಅವನು ಎಲ್ಲರ ಪರವಾಗಿ ಬಾಗಿಲು ಮುಟ್ಟಬೇಕು, ಎಲ್ಲರ ಪರವಾಗಿ ಹಿಡಿಕೆ ಮುಟ್ಟಬೇಕು. "ನೀವು ಬಹಳ ಮುಖ್ಯವಾದ ಸೇವೆಯಲ್ಲಿದ್ದೀರಿ" ಎಂದು ಮ್ಯಾನೇಜರು ಹತ್ತು ಅಡಿ ದೂರದಿಂದ ಹೊಗಳಿ, ಒಂದು ಜೊತೆ ಕೈಗವಸು ಎಸೆದ. ಎರಡೂ ಎಡಗೈಯವು.

ಹತ್ತು ದಿನಕ್ಕೆ ಕಟ್ಟಡವೇ ಮುಚ್ಚಿತು. ಸಂಬಳ ಅರ್ಧವಾಯಿತು, ಮುಂದಿನ ತಿಂಗಳು ಕಾಲಾಯಿತು. ಟೈಲರು ಅಂಗಡಿಗೆ ಬೀಗ ಹಾಕಿದ. ಅಂಗಿ ತೊಟ್ಟು ಹೋಗಲು ಯಾರಿಗೂ ಜಾಗವಿರಲಿಲ್ಲ. ಹೆಂಡತಿ ಹಳೆಯ ಬಟ್ಟೆಯಲ್ಲಿ ಮಾಸ್ಕ್ ಹೊಲಿದು ಬುಟ್ಟಿಯಲ್ಲಿಟ್ಟು ಬಿಡುತ್ತಿದ್ದಳು; ಬುಟ್ಟಿ ತರಕಾರಿ ಹೊತ್ತು ಬರುತ್ತಿತ್ತು.

ಫಂಡಿನ ಅಂಕಿ ಮಾತ್ರ ಹಗ್ಗ ಹರಿದ ಬುಟ್ಟಿಯಂತೆ ಬಿತ್ತು. ಎರಡು ಇಪ್ಪತ್ತು. ಒಂದು ತೊಂಬತ್ತು. ಒಂದು ಅರವತ್ತೈದು. ಟೀವಿಯಲ್ಲಿ ಕೋಟು ಹಾಕಿದ ತಜ್ಞರೊಬ್ಬರು ಮನೆಯ ಪುಸ್ತಕದ ಕಪಾಟಿನ ಮುಂದೆ ಕುಳಿತು, "ಇದು ನಿರೀಕ್ಷಿತವೇ" ಎಂದರು. ನಿರೀಕ್ಷೆಯಿದ್ದರೆ ಹಿಂದಿನ ವಾರ ಏಕೆ ಹೇಳಲಿಲ್ಲವೆಂದು ಅವರನ್ನು ಯಾರೂ ಕೇಳಲಿಲ್ಲ.

ಒಂದು ಲಕ್ಷದ ನಲವತ್ತಮೂರು ಸಾವಿರಕ್ಕೆ ಬಂದ ದಿನ ಹೆಂಡತಿ ಸೂಜಿ ಕೆಳಗಿಟ್ಟಳು.

"ರೀ, ಉಳಿದಿದ್ದನ್ನಾದ್ರೂ ತಗೊಂಡ್ಬಿಡಿ. ಹೊಟ್ಟೆಗಾದ್ರೂ ಆಗುತ್ತೆ."

"ನಡುವೆ ನಿಂತಾಗ ಬಾಗಿಲು ತೆಗೀಬಾರದು ಕಣೇ."

"ಇದೇನು ನಿಮ್ಮ ಲಿಫ್ಟಾ?"

"ತೆಗೆದು ಹಾರಿದವನು ಒಬ್ಬ ಕಾಲು ಮುರ್ಕೊಂಡಿದ್ದ, ನೆನಪಿದೆಯಾ? ಅಲ್ಲೇ ಇದ್ದ ಮೂರು ಜನಕ್ಕೆ ಏನೂ ಆಗ್ಲಿಲ್ಲ."

"ಅವತ್ತು ಕರೆಂಟು ಬಂತು. ಇಲ್ಲಿ ಕರೆಂಟು ಕೊಡೋರೇ ಆಸ್ಪತ್ರೇಲಿ ಮಲಗಿದಾರೆ" ಎಂದಳು ಅವಳು. ಅಷ್ಟಾದರೂ ಮತ್ತೆ ಒತ್ತಾಯಿಸಲಿಲ್ಲ. ಸಂಜೆ ಅವನಿಗೆ ಕಾಣದ ಹಾಗೆ ಕಿವಿಯೋಲೆ ಬಿಚ್ಚಿ ಮಾರನೆಯ ದಿನ ಬುಟ್ಟಿಯಲ್ಲಿಟ್ಟು ಟೈಲರಿಗೆ ಬಿಟ್ಟಳು. ಅವನು ಮಾರಿ ದುಡ್ಡು ಬುಟ್ಟಿಗೆ ಹಾಕಿದ. ಲಿಫ್ಟಣ್ಣನಿಗೆ ಗೊತ್ತಾಗಿದ್ದು ಮೂರು ದಿನದ ಮೇಲೆ. ಅವನು ಅವಳ ಕಿವಿ ನೋಡಿದ, ಅವಳು ಅವನನ್ನು ನೋಡಲಿಲ್ಲ.

ಆಮೇಲೆ ನಡೆದದ್ದು ಅವರಿಬ್ಬರಿಗೂ ಅರ್ಥವಾಗಲಿಲ್ಲ. ಬೀದಿ ಹಾಗೇ ಮುಚ್ಚಿತ್ತು. ಆಂಬುಲೆನ್ಸ್ ದಿನಕ್ಕೆ ಐದಾರು ಸಲ ಹೋಗುತ್ತಿತ್ತು. ಫೋನಿನ ಅಂಕಿ ಏರತೊಡಗಿತು. ಒಂದು ಅರವತ್ತು, ಒಂದು ಎಂಬತ್ತು, ಎರಡು. ಕಚೇರಿ ಕಟ್ಟಡದ ಕಾವಲುಗಾರ, ಇಪ್ಪತ್ತು ವರ್ಷ ಲಿಫ್ಟಣ್ಣನ ಜೊತೆ ಡಬ್ಬಿ ಹಂಚಿಕೊಂಡು ಉಂಡವನು, ಆಸ್ಪತ್ರೆಯ ಹೊರಗೆ ಹಾಸಿಗೆಗೆ ಕಾಯುತ್ತ ತೀರಿಕೊಂಡ ತಿಂಗಳು ಫಂಡು ನೂರಕ್ಕೆ ಹನ್ನೊಂದು ಏರಿತು. ಲಿಫ್ಟಣ್ಣ ಆ ದಿನ ಅಂಕಿಯನ್ನು ನೋಡಿ, ಏನೋ ಕದ್ದು ಸಿಕ್ಕಿಬಿದ್ದವನ ಹಾಗೆ ಫೋನನ್ನು ಬೋರಲು ಹಾಕಿಟ್ಟ.

ಹೆಂಡತಿ ಗಂಡನಿಂದ ಸಾಹೇಬರಿಗೆ ಫೋನು ಮಾಡಿಸಿ ತಾನೇ ಮಾತಾಡಿದಳು.

"ಸಾರ್, ಟೈಲರಿಗೆ ಕೆಲಸ ಇಲ್ಲ, ನಮ್ಮನೆಯವರಿಗೆ ಸಂಬಳ ಇಲ್ಲ, ಬೀದೀಲಿ ಒಂದು ಅಂಗಡಿ ತೆಗೆದಿಲ್ಲ. ಮತ್ತೆ ಇದು ಯಾರ ದುಡಿಮೇಲಿ ಏರ್ತಿದೆ?"

ಸಾಹೇಬರು ನಕ್ಕರು. ಮನೆಯಿಂದಲೇ ಕೆಲಸ ಮಾಡುತ್ತಿದ್ದರಿಂದ ಈಗ ಅವರಿಗೆ ಇಪ್ಪತ್ತೆರಡು ಸೆಕೆಂಡಿನ ಮಿತಿಯಿರಲಿಲ್ಲ. ಬಡ್ಡಿ ಇಳಿದಿದೆ, ದುಡ್ಡಿಗೆ ಹೋಗಲು ಬೇರೆ ಜಾಗವಿಲ್ಲ, ಔಷಧಿ ಕಂಪನಿ ಬೆಳೆದಿದೆ, ಮನೆಬಾಗಿಲಿಗೆ ಸಾಮಾನು ಮುಟ್ಟಿಸುವ ಕಂಪನಿಗಳಂತೂ ಕೇಳುವುದೇ ಬೇಡ ಎಂದೆಲ್ಲ ವಿವರಿಸಿ, "ಒಂದು ಮಾತಲ್ಲಿ ಹೇಳೋದಾದ್ರೆ ತಾಯಿ, ಬೀದಿ ಇವತ್ತಿನದನ್ನ ನೋಡುತ್ತೆ, ಮಾರ್ಕೆಟ್ಟು ಮುಂದಿನ ವರ್ಷದ್ದನ್ನ ನೋಡುತ್ತೆ" ಎಂದರು.

"ಅಷ್ಟು ದೂರ ಕಾಣೋ ಕಣ್ಣಿಗೆ ಪಕ್ಕದಲ್ಲಿ ಇರೋದು ಕಾಣಲ್ಲ ಅನ್ನಿ. ನಂಗೂ ಹಾಗೇ, ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬೇಕು" ಎಂದಳು ಹೆಂಡತಿ. ಸಾಹೇಬರು ಮತ್ತೆ ನಕ್ಕರು. ಅವರಿಗೆ ಆ ತಿಂಗಳು ಬೋನಸ್ ಬಂದಿತ್ತು.

ರೋಗ ಬಂದ ಹತ್ತನೆಯ ತಿಂಗಳಿಗೆ ಕೆಳಮನೆ ಖಾಲಿಯಾಯಿತು. ಅಲ್ಲಿದ್ದವರು ಬಾಡಿಗೆ ಕಟ್ಟಲಾಗದೆ ಮಗಳ ಮನೆಗೆ ಹೋದರು. ಓನರಮ್ಮ ಎರಡು ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. ಲಿಫ್ಟಣ್ಣ ಅರವತ್ತೆಂಟು ಮೆಟ್ಟಿಲನ್ನು ಒಂದೇ ಉಸಿರಿಗೆ ಇಳಿದ.

"ನೋಡಪ್ಪಾ, ಮೊದಲು ನಿನಗೇ ಹೇಳ್ತಿದೀನಿ. ಎರಡು ಲಕ್ಷ. ಮಾತಿಗೆ ತಪ್ಪೋಳಲ್ಲ ನಾನು."

ಅಂದು ಅವನ ಫೋನಿನಲ್ಲಿದ್ದದ್ದು ಎರಡು ಲಕ್ಷದ ನಲವತ್ತಾರು ಸಾವಿರ. ಬೇಕಾದದ್ದಕ್ಕಿಂತ ನಲವತ್ತಾರು ಸಾವಿರ ಹೆಚ್ಚು. ಬೇರೆ ಯಾರಾದರೂ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹಣ ಬಿಡಿಸಲು ಗುಂಡಿ ಒತ್ತುತ್ತಿದ್ದರು. ಲಿಫ್ಟಣ್ಣ ಅಂಕಿಯನ್ನು ದಿಟ್ಟಿಸಿದ. ಎರಡೂವರೆಗೆ ನಾಲ್ಕು ಸಾವಿರ ಕಡಿಮೆ. ಅವನ ಬಲಗೈ ತನಗೆ ತಾನೇ ಸ್ವಲ್ಪ ತಿರುಗಿತು, ಇಲ್ಲದ ಹಿಡಿಕೆಯನ್ನು ಹಿಡಿದಂತೆ. ಇಪ್ಪತ್ತಾರು ವರ್ಷದಲ್ಲಿ ಮಹಡಿಗೆ ನಾಲ್ಕು ಬೆರಳು ಕೆಳಗೆ ಅವನು ಒಮ್ಮೆಯೂ ಬಾಗಿಲು ತೆರೆದವನಲ್ಲ.

"ಅಮ್ಮ, ಒಂದು ನಾಲ್ಕು ದಿನ. ಸಮ ಆಗ್ಬಿಡ್ಲಿ" ಎಂದ.

"ಏನು ಸಮ ಆಗೋದು?"

"ದುಡ್ಡು ಅಮ್ಮ. ಬಂದೇಬಿಡ್ತು."

ಓನರಮ್ಮನಿಗೆ ಕೇಳಿಸಿದ್ದು, ಇವನ ಹತ್ತಿರ ಇನ್ನೂ ದುಡ್ಡಿಲ್ಲ ಎಂದು. ಯಾರಿಗಾದರೂ ಹಾಗೇ ಕೇಳಿಸುತ್ತಿತ್ತು.

ಮೇಲೆ ಹೋಗಿ ಹೇಳಿದಾಗ ಹೆಂಡತಿ ಕಣ್ಣುಕಣ್ಣು ಬಿಟ್ಟಳು. "ಸಾಕಾಗೋಷ್ಟಿತ್ತಲ್ರೀ?"

"ಇತ್ತು. ಸಮ ಇರ್ಲಿಲ್ಲ."

"ನಾನೇನು ನಿಮ್ಮ ಆಫೀಸಿಗೆ ಬಂದೋಳಾ, ಎಡವಿ ಬಿದ್ರೆ ಕಂಪ್ಲೇಂಟ್ ಕೊಡೋಕೆ? ನಾಲ್ಕು ಬೆರಳು ಹಾರಿಯೇ ಇಳೀತಿದ್ನಲ್ಲಾ, ಈ ಮಂಡೀಲೇ!"

ನಾಲ್ಕನೆಯ ದಿನ ಮಧ್ಯಾಹ್ನ ಅಂಕಿ ಎರಡು ಲಕ್ಷದ ಐವತ್ತು ಸಾವಿರದ ಹನ್ನೆರಡಕ್ಕೆ ಬಂದು ನಿಂತಿತು. ಲಿಫ್ಟಣ್ಣ ಅಂಗಿ ಬದಲಿಸಿ, ತಲೆ ಬಾಚಿ, ಎಣಿಸಿದಂತೆ ಮೆಟ್ಟಿಲಿಳಿದು ಹೋದ. ಕೆಳಮನೆಯ ಮುಂದೆ ಒಂದು ಲಾರಿ ನಿಂತಿತ್ತು. ಬಾಗಿಲ ಮೇಲೆ ಇಬ್ಬರು ಒಂದು ಬೋರ್ಡು ಹೊಡೆಯುತ್ತಿದ್ದರು. ಬೋರ್ಡಿನಲ್ಲಿ ಓಡುವ ಮೊಲದ ಚಿತ್ರ. ಕೆಳಗೆ, 'ಹತ್ತು ನಿಮಿಷದಲ್ಲಿ ನಿಮ್ಮ ಬಾಗಿಲಿಗೆ.'

"ತಪ್ಪು ತಿಳೀಬೇಡಪ್ಪಾ" ಎಂದರು ಓನರಮ್ಮ, ಮೊದಲ ಮಹಡಿಯ ಕಿಟಕಿಯಿಂದ. "ನಿನ್ನೆ ಬಂದ್ರು. ನಾಲ್ಕು ಲಕ್ಷ ಮುಂಗಡ, ಮೂರು ಪಟ್ಟು ಬಾಡಿಗೆ. ಕೆಳಗಡೆ ಮಾರಾಟ, ತಾರಸಿ ಮೇಲಿನ ಶೆಡ್ಡಲ್ಲಿ ದಾಸ್ತಾನು. ನಂಗೂ ಆರು ತಿಂಗಳಿಂದ ಯಾರೂ ಬಾಡಿಗೆ ಕಟ್ಟಿಲ್ಲ. ನೀನೂ ಸೇರಿ."

ಕೊನೆಯ ಮಾತು ನಿಜವಾಗಿತ್ತು. ಲಿಫ್ಟಣ್ಣ ತಲೆಯಾಡಿಸಿ ಕಲ್ಲುಬೆಂಚಿನ ಮೇಲೆ ಕುಳಿತ. ಬೋರ್ಡು ಹೊಡೆಯುವವರು, "ಸ್ವಲ್ಪ ಏಳಿ, ಇದೂ ನಮ್ಮದೇ" ಎಂದರು.

ಮರುವಾರ ಸಾಹೇಬರು ಕರೆ ಮಾಡಿ, ಆಗಷ್ಟೇ ಮತ್ತೆ ತೆರೆದಿದ್ದ ಕಚೇರಿಗೆ ಬರಹೇಳಿದರು. ರೋಗದ ಭಯಕ್ಕೆ ಹೂಡಿಕೆದಾರರಲ್ಲಿ ಅರ್ಧಕ್ಕರ್ಧ ಜನ ತಳದಲ್ಲೇ ಮಾರಿ ಹೋಗಿದ್ದರಂತೆ. ಅಲುಗಾಡದೆ ಕುಳಿತವರ ವಿಡಿಯೋ ಮಾಡಬೇಕಂತೆ. ಲಿಫ್ಟಣ್ಣ ಹೋದ. ಅವನ ಲಿಫ್ಟು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಕೈ ಮುಟ್ಟಿಸದೆಯೇ ನಡೆಯುವ ಹೊಸ ಲಿಫ್ಟಿತ್ತು. ಕಾಲಿನಿಂದ ಒತ್ತಿದರೆ ಸಾಕು. ಒಳಗೆ ಒಬ್ಬ ಮನುಷ್ಯ ದಿನವಿಡೀ ಉಸಿರಾಡುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ತೀರ್ಮಾನವಾಗಿತ್ತು. ಅವನಿಗೆ ಅದನ್ನು ತಿಳಿಸುವ ಪತ್ರ ಅವನ ನಿಜವಾದ ಹೆಸರಿಗೆ ಬಂದಿತ್ತು. ಹೊಸ ಲಿಫ್ಟು ಆರನೆಯ ಮಹಡಿಯಲ್ಲಿ ಒಂದು ಬೆರಳು ಮೇಲೆಯೇ ನಿಂತು ಬಾಗಿಲು ತೆರೆಯಿತು. ಆ ವರ್ಷ ಅವನಿಗೆ ಸಿಕ್ಕ ಸಂತೋಷಗಳಲ್ಲಿ ಅದೂ ಒಂದು.

ದೀಪಗಳ ಮುಂದೆ ಕೂರಿಸಿ ಸಾಹೇಬರು ಕೇಳಿದರು: "ಎಲ್ಲರೂ ಹೆದರಿದಾಗ ನೀನು ಹೆದರ್ಲಿಲ್ಲ. ಹೇಗೆ?"

"ಹೆದರಿದ್ದೆ ಸಾರ್. ಬಾಗಿಲು ತೆಗೀಬಾರದು ಅಂತ ಸುಮ್ನಿದ್ದೆ."

"ಅದ್ಭುತ! ಅದನ್ನೇ ಇನ್ನೊಂದು ಸಲ ನಗ್ತಾ ಹೇಳು. ಈಗ ನಿನ್ನ ಕನಸಿನ ಮನೆ?"

"ಅದು ಹೋಯ್ತು ಸಾರ್. ಮೊಲದ ಕಂಪನಿ ತಗೊಂಡ್ತು."

ಕ್ಯಾಮೆರಾ ನಿಂತಿತು. ಸಾಹೇಬರ ಮುಖ ಅರಳಿತು. ಮೇಜಿನ ಮೇಲಿದ್ದ ನುಣುಪಾದ ಕಾಗದವೊಂದನ್ನು ಎತ್ತಿ ತೋರಿಸಿದರು. ಫಂಡಿನ ಹಣ ಯಾವ ಯಾವ ಕಂಪನಿಯಲ್ಲಿದೆ ಎಂಬ ಪಟ್ಟಿ. ಎಲ್ಲಕ್ಕಿಂತ ಮೇಲೆ ಓಡುವ ಮೊಲ.

"ನೋಡಿದ್ಯಾ! ನಮ್ಮ ಫಂಡು ಏರಿದ್ದೇ ಇವರಿಂದ. ಹೋದ ವಾರ ಊರಲ್ಲಿ ನಲವತ್ತು ಹೊಸ ಮಳಿಗೆ ತೆಗೀತೀವಿ ಅಂದ್ರು, ಷೇರು ಜಿಗೀತು. ಅದಕ್ಕೇ ನಿನ್ನ ಎರಡೂವರೆ ತುಂಬಿದ್ದು."

ಲಿಫ್ಟಣ್ಣ ನಿಧಾನವಾಗಿ ಲೆಕ್ಕ ಹಾಕಿದ. ನಲವತ್ತರಲ್ಲಿ ಒಂದು ತನ್ನ ಕೆಳಮನೆ. ಅದನ್ನು ಅವರು ಹಿಡಿದದ್ದರಿಂದ ಬಂದ ನಾಲ್ಕು ಸಾವಿರಕ್ಕೆ ತಾನು ಕಾಯುತ್ತ ಕುಳಿತಿದ್ದ.

"ಅಂದ್ರೆ ಸಾರ್, ನನ್ನ ಮನೆ ತಗೊಂಡಿದ್ದು ನನ್ನ ದುಡ್ಡೇನಾ?"

"ಒಂದು ಲೆಕ್ಕದಲ್ಲಿ ನೀನೇ ಅದರ ಮಾಲೀಕ ಕಣಪ್ಪಾ!" ಎಂದು ಸಾಹೇಬರು ಬೆನ್ನು ತಟ್ಟಲು ಹೋಗಿ, ರೋಗ ನೆನಪಾಗಿ, ಗಾಳಿಗೆ ತಟ್ಟಿದರು.

ಅವನು ಅಂದೇ ಹಣ ಬಿಡಿಸಲು ಅರ್ಜಿ ಬರೆದುಕೊಟ್ಟ. ಹಣ ಬ್ಯಾಂಕಿಗೆ ಬಂದ ದಿನ ಹಿಂದಿನ ಬಾಡಿಗೆ ತೀರಿಸಿದ. ಒಂದು ಜೊತೆ ಕಿವಿಯೋಲೆ ತಂದ. ಉಳಿದದ್ದು ಹೆಂಡತಿಯ ಮಂಡಿಗೆ ಎಂದು ಇಟ್ಟ. ಡಾಕ್ಟರು ಈ ದುಡ್ಡಿಗೆ ಒಂದೇ ಮಂಡಿಯಾಗುತ್ತದೆ, ಅದೂ ರೋಗಿಗಳ ನೂಕುನುಗ್ಗಲು ಕಳೆದ ಮೇಲೆ ಎಂದರು. "ಯಾವುದು ಮಾಡಿಸ್ಲಿ?" ಎಂದು ಅವನು ಕೇಳಿದರೆ ಅವಳು, "ಇಳಿಯುವಾಗ ಮೊದಲು ಇಡೋ ಕಾಲಿಂದು. ಮುಂದಿಂದು ಮುಂದೆ" ಎಂದಳು.

ಮೊಲದ ಕಂಪನಿಯವರು ತಾರಸಿಯ ದಾಸ್ತಾನು ಇಳಿಸಲು ಕಟ್ಟಡದ ಹಿಂಗೋಡೆಗೆ ಒಂದು ಸರಕಿನ ಲಿಫ್ಟ್ ಹಾಕಿಸಿದರು. ಎಲ್ಲೋ ಹಳೆಯ ಗೋದಾಮಿನಿಂದ ಕಿತ್ತು ತಂದದ್ದು. ಕಬ್ಬಿಣದ ಪಂಜರ, ಜಾಲರಿ ಬಾಗಿಲು, ಪ್ರತಿ ಮಹಡಿಯ ಹಿಂಬಾಗಿಲಿಗೆ ಹೊಂದಿಕೊಂಡ ಒಂದು ಹಲಗೆ. ಮೊದಲ ದಿನ ಹಿಡಿಕೆ ಹಿಡಿದ ಹುಡುಗಿ ಅದನ್ನು ಗೇಣುದ್ದ ಮೇಲೆ ನಿಲ್ಲಿಸಿದಳು. ಎಣ್ಣೆಯ ಡಬ್ಬಗಳು ಉರುಳಿ ಬೀದಿಯವರೆಗೂ ಎಣ್ಣೆ ಹರಿಯಿತು. ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಹೆಂಡತಿ ಕೂಗಿದಳು: "ನಮ್ಮನೇಲೊಬ್ರು ಸುಮ್ನೆ ಕೂತಿದಾರೆ, ಬೇಕಾ?"

ಹೀಗೆ ಲಿಫ್ಟಣ್ಣ ತಾನೇ ಮಾಲೀಕನೆನಿಸಿಕೊಂಡಿದ್ದ ಕಂಪನಿಯಲ್ಲಿ, ಹಿಂದಿನದರ ಅರ್ಧ ಸಂಬಳಕ್ಕೆ ಸೇರಿದ. ಪಂಜರದ ಮೇಲೆ ಒಂದು ಫಲಕ: 'ಸರಕು ಮಾತ್ರ. ಮನುಷ್ಯರು ಹತ್ತಬಾರದು.' ಪಕ್ಕದಲ್ಲಿ ಒಂದು ಪುಸ್ತಕ. ಏರಿದ್ದು ಇಳಿದದ್ದು ಎಲ್ಲವನ್ನೂ ಅದರಲ್ಲಿ ಬರೆಯಬೇಕು: ವೇಳೆ, ಸಾಮಾನು, ತೂಕ.

ಸೇರಿದ ಒಂಬತ್ತನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಮೇಲ್ವಿಚಾರಕಿ ಬ್ಯಾಂಕಿಗೆ ಹೋಗಿದ್ದಾಗ, ಅವನು ಪಂಜರವನ್ನು ನಾಲ್ಕನೆಯ ಮಹಡಿಯಲ್ಲಿ ನಿಲ್ಲಿಸಿ ಮನೆಯ ಹಿಂಬಾಗಿಲು ತಟ್ಟಿದ. ಹೆಂಡತಿ ಹೊಸ ಓಲೆ ಹಾಕಿಕೊಂಡು ಸಿದ್ಧವಾಗಿ ನಿಂತಿದ್ದಳು. ಪಂಜರದೊಳಗೆ ಬಂದು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತಳು. ಎರಡು ಸಕ್ಕರೆ ಮೂಟೆಗಳ ನಡುವೆ ಅವಳು ಕೆಳಗಿಳಿದಳು. ಮೂರನೆಯ ಮಹಡಿ, ಎರಡನೆಯ ಮಹಡಿ. ಬಟ್ಟೆ ಒಣಹಾಕಿದ ಹಗ್ಗಗಳು, ಯಾರದೋ ಅಡುಗೆಮನೆಯ ಕಿಟಕಿ, ಗೋಡೆಯ ಹಸಿರು ಪಾಚಿ, ಎಲ್ಲ ಒಂದೊಂದಾಗಿ ಅವಳ ಮುಂದೆ ಮೇಲೆ ಹೋದವು. ಅವನ ಕೈ ಹಿಡಿಕೆಯ ಮೇಲೆ ಕೂದಲೆಳೆಯಷ್ಟು ತಿರುಗಿತು, ನಿಂತಿತು, ಇನ್ನೊಂದು ಕೂದಲೆಳೆ ತಿರುಗಿತು.

"ಸಮ ಆಯ್ತು" ಎಂದು ಬಾಗಿಲು ಸರಿಸಿದ.

ಅವಳು ಕಾಲನ್ನು ಎತ್ತಲೇ ಇಲ್ಲ. ಮುಂದಕ್ಕೆ ಸರಿಸಿದಳು ಅಷ್ಟೆ. ಪಾದ ಒಂದು ನೆಲದಿಂದ ಇನ್ನೊಂದು ನೆಲಕ್ಕೆ ಹೋಯಿತು.

"ಪುಸ್ತಕದಲ್ಲಿ ಏನ್ ಬರೀತೀರಿ?" ಎಂದು ತಿರುಗಿ ಕೇಳಿದಳು.

"ಒಂದು ಸಾಮಾನು. ಒಡೆಯುವಂಥದ್ದು."

"ತೂಕ?"

"ನೀನೇ ಹೇಳು."

"ನಿಮ್ಮ ಫಂಡಿನ ಹಾಗೆ ದಿನಾ ಬದಲಾಗುತ್ತೆ ಅಂತ ಬರೀರಿ."

ಅವಳು ಗೋಡೆ ಹಿಡಿದು ಬೀದಿಯ ಕಡೆಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತಳು. ಮೊಲದ ಅಂಗಿ ತೊಟ್ಟವರು ಚೀಲ ಹೊತ್ತು ಓಡುತ್ತಿದ್ದರು. ಏಳಿ ಎನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಎಲ್ಲರ ಮುಖಕ್ಕೂ ಮಾಸ್ಕ್. ಅರ್ಧದಷ್ಟು ಅವಳೇ ಹೊಲಿದವು. ಅಷ್ಟೊಂದು ವರ್ಷ ಕಾದು ನೋಡಲು ಬಂದ ಮುಖಗಳು ಕಣ್ಣಿನಿಂದ ಮೇಲಷ್ಟೇ ಇದ್ದವು. ಒಬ್ಬ ಮನುಷ್ಯ ಅವಳ ಮುಂದೆ ನಿಂತು, "ಅಕ್ಕಾ, ಯಾವಾಗ ಇಳಿದ್ರಿ?" ಎಂದ. ಅವಳು ಗುರುತು ಹಿಡಿಯಲಾರದೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಸ್ವಲ್ಪ ತಲೆ ಬಗ್ಗಿಸಪ್ಪಾ" ಎಂದಳು.

ಅವನು ಬಗ್ಗಿಸಿದ. ನಡುನೆತ್ತಿಯಲ್ಲಿ ಹಪ್ಪಳದಷ್ಟಗಲ ಬೋಳು, ಅದರ ಪಕ್ಕದಲ್ಲಿ ಒಂದು ಕರೀ ಮಚ್ಚೆ.

"ಓ, ನಮ್ಮ ಟೈಲರು!" ಎಂದು ಅವಳು ಕೈತಟ್ಟಿ ನಕ್ಕಳು. "ಅಂಗಡಿ ತೆಗೆದ್ಯೇನೋ? ಕೂತ್ಕೋ ಬಾ. ಬುಟ್ಟಿ ಬಿಡಬೇಕಾಗಿಲ್ಲ ಇವತ್ತು."